ಹುಲ್ಲುಗಾವಲಿಗೆ ಕಾಲಿಡದವನು

ಸಂರಕ್ಷಿತ ಹುಲ್ಲುಗಾವಲಿನ ಮೊದಲ ನಿಯಮ ಹೀಗಿದೆ: ‘ಈ ನೆಲದೊಳಗೆ ಯಾರೂ ಕಾಲಿಡತಕ್ಕದ್ದಲ್ಲ.’ ಎರಡನೆಯದು: ‘ಕಾಲಿಟ್ಟವರ ಹೆಸರನ್ನು ಕಾವಲುಗಾರನು ಪುಸ್ತಕದಲ್ಲಿ ಬರೆಯತಕ್ಕದ್ದು.’ ಮೂರನೆಯ ನಿಯಮ ಇಲ್ಲ. ಎರಡೇ ಸಾಕೆಂದು ನಂಬಿದ್ದವರು ತೀರಿಹೋಗಿ ಬಹಳ ಕಾಲವಾಯಿತು.

ಹಂಗಾಮಿ ಕಾವಲುಗಾರ ಹತ್ತೊಂಬತ್ತು ವರ್ಷದಿಂದ ಗೇಟಿನ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ. ಪುಸ್ತಕ ಖಾಲಿಯಿತ್ತು. ಕೆಲಸಕ್ಕೆ ಸೇರಿದ ವಾರವೇ ಒಳಗೆ ಹೋದ ಅಧಿಕಾರಿಯೊಬ್ಬರ ಹೆಸರನ್ನು ಅವನು ಬರೆದಿದ್ದ. ನಾಲ್ಕೇ ದಿನದಲ್ಲಿ ಸುತ್ತೋಲೆ ಬಂತು: ‘ಸಂರಕ್ಷಣೆಯ ಕರ್ತವ್ಯದ ಮೇಲೆ ಒಳಗೆ ಹೋದವರನ್ನು ಒಳಗೆ ಹೋದವರೆಂದು ಭಾವಿಸತಕ್ಕದ್ದಲ್ಲ. ಎಲ್ಲ ಕಾಯಂ ನೌಕರರು ಪಾಲಿಸತಕ್ಕದ್ದು.’ ಅವನು ಪುಸ್ತಕದ ಆ ಹಾಳೆ ಹರಿದ. ಅಂದಿನಿಂದ ಹುಲ್ಲುಗಾವಲಿಗೆ ಯಾರೂ ಹೋಗಿಲ್ಲ.

ಹೋಗದವರು ಮಾಡಿದ ಕೆಲಸ ಮಾತ್ರ ಕಡಿಮೆಯದಲ್ಲ. ‘ಒಳಗೆ ಬರಬೇಡಿ’ ಎಂಬ ಫಲಕ ಗೇಟಿನಲ್ಲಿತ್ತು. ಒಳಗೆ ಬಂದವನಿಗೆ ಅದು ಬೆನ್ನಹಿಂದೆ ಬೀಳುತ್ತದೆ ಎಂದು ಸಮಿತಿಯೊಂದು ಕಂಡುಹಿಡಿಯಿತು. ಆದ್ದರಿಂದ ಒಳಗೆ ನಲವತ್ತು ಫಲಕ ನೆಟ್ಟರು. ಅಕ್ಷರ ಕಾಣುತ್ತದೆಯೇ ಎಂದು ನೋಡುವವರಿಗೆ ಜೀಪಿನ ರಸ್ತೆ ಬೇಕಾಯಿತು. ನೋಡಿ ಬಿಸಿಲಲ್ಲಿ ಬಳಲಿದವರಿಗೆ ವಿಶ್ರಾಂತಿಗೃಹ. ಹುಲ್ಲಿನ ಬಗ್ಗೆ ಜನಕ್ಕೆ ತಿಳಿವಳಿಕೆ ಸಾಲದೆಂದು ಮುನ್ನೂರು ಕುರ್ಚಿಯ ಜಾಗೃತಿ ಭವನ, ಅದರ ಪಕ್ಕ ಕ್ಯಾಂಟೀನು. ಪ್ರತಿ ಸಲವೂ ‘ಹುಲ್ಲನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ; ಹುಲ್ಲಂತೂ ಕೇಳುವ ಜಾತಿಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುವ ಗಾದೆಯನ್ನು ಇಲ್ಲಿ ಬಳಸುವಂತಿಲ್ಲ. ಬೇಲಿ ಇನ್ನೂ ಟೆಂಡರಿನಲ್ಲಿತ್ತು.

ಕೊನೆಗೆ ನಾಲ್ಕು ಮಂಚ ಹಾಕುವಷ್ಟು ಹುಲ್ಲು ಉಳಿಯಿತು. ಅದರ ನಡುವೆ ಟಿಟ್ಟಿಭ ಹಕ್ಕಿಯೊಂದು ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತ್ತು. ಹತ್ತಿರ ಬಂದವರ ತಲೆಯ ಮೇಲೆ ಹಾರಿ ಅರಚುತ್ತಿತ್ತು. ನಿಯಮಾವಳಿ ಓದದೆಯೇ ಅದನ್ನು ಜಾರಿಗೆ ತಂದಿದ್ದು ಅದೊಂದೇ.

ಆ ಬೇಸಗೆಯಲ್ಲಿ ಜಾಗೃತಿ ಭವನಕ್ಕೆ ಬಂದ ಗಣ್ಯರೊಬ್ಬರು, “ಹುಲ್ಲೇಕೆ ಹಳದಿ?” ಎಂದುಬಿಟ್ಟರು. ಇಲಾಖೆಗೆ ತಲೆ ಎತ್ತಲಾಗದಂತಾಯಿತು. ತಿಂಗಳೊಳಗೆ ಪ್ಲಾಸ್ಟಿಕ್ ಹುಲ್ಲಿನ ಹಾಸು ಸುರುಳಿ ಸುರುಳಿಯಾಗಿ ಬಂದಿಳಿಯಿತು.

ಸುದ್ದಿಯನ್ನು ಕಾವಲುಗಾರನ ಮನೆಗೆ ತಂದವನು ಅವನ ಹೆಂಡತಿಯ ತಮ್ಮ, ಇಲಾಖೆಯ ಗುಮಾಸ್ತ.

“ಭಾವ, ನಿಮ್ಮನ್ನ ಕಾಯಂ ಮಾಡೋ ಆದೇಶ ರೆಡಿ. ನಾನೇ ಟೈಪ್ ಮಾಡಿದೆ. ಸಮಾರಂಭದಲ್ಲಿ ದೊಡ್ಡ ಸಾಹೇಬರೇ ಕೊಡ್ತಾರೆ. ನೀವು ಆ ಉಳಿದ ಹುಲ್ಲಿನ ಮೇಲೆ ಕೊನೇ ಸುರುಳಿ ಬಿಡಿಸಬೇಕು, ಅಷ್ಟೆ.”

“ಮೊಟ್ಟೆ ಇವೆಯಲ್ಲೋ.”

“ಟೆಂಡರಲ್ಲಿ ಮೊಟ್ಟೆ ವಿಷಯ ಇಲ್ಲ.”

“ಕಾಲೂ ಇಡಬೇಕಾಗತ್ತೆ.”

“ಅಯ್ಯೋ ಭಾವ! ಊರಿಗೆ ಊರೇ ಒಳಗೆ ಕಾಫಿ ಕುಡೀತಿದೆ. ನೀವೊಬ್ಬರೇ ಹೊರಗೆ ಕೂತು ಏನು ಕಾಯ್ತಿದ್ದೀರಿ?”

ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: “ಇನ್ನಾರು ತಿಂಗಳಿಗೆ ನಿಮ್ಮ ನೌಕರಿಯ ವಯಸ್ಸು ಮುಗಿಯತ್ತೆ. ಕಾಯಂ ಆಗದಿದ್ರೆ ಪಿಂಚಣಿ ಇಲ್ಲ, ಇಲಾಖೆಯ ಈ ಮನೆಯೂ ಇಲ್ಲ. ಆಮೇಲೆ ಆ ಹಕ್ಕಿ ಥರ ನಾವೂ ನೆಲದ ಮೇಲೇ ಸಂಸಾರ ಹೂಡಬೇಕು.”

“ಅದಕ್ಕಾದ್ರೂ ನೆಲ ಉಳೀಬೇಕಲ್ಲೇ,” ಎಂದ ಅವನು.

ಸಮಾರಂಭದ ಬೆಳಿಗ್ಗೆ ಧ್ವನಿವರ್ಧಕ ಸಾರಿತು: “ಹುಲ್ಲಿನ ರಕ್ಷಣೆಯ ದೃಷ್ಟಿಯಿಂದ ಸಾರ್ವಜನಿಕರು ಹುಲ್ಲಿನ ಮೇಲೆ ಒತ್ತೊತ್ತಾಗಿ ಕೂರಬೇಕಾಗಿ ವಿನಂತಿ.” ಜನ ಕೂತರು. ಹೆಂಡತಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಗಂಡನ ಮುಖ ನೋಡದೆ ಗೇಟು ದಾಟಿ ಮುಂದಿನ ಸಾಲಿನಲ್ಲಿ ಕೂತಳು.

ದೊಡ್ಡ ಸಾಹೇಬರು ಹೇಳಿದರು: “ಈ ಹುಲ್ಲು ಒಣಗುವುದಿಲ್ಲ. ಇದನ್ನು ದನ ಮೇಯುವುದಿಲ್ಲ. ಬೆಳೆಯುವುದೂ ಇಲ್ಲವಾದ್ದರಿಂದ ವರ್ಷವರ್ಷ ಅಳೆಯುವ ತಾಪತ್ರಯವಿಲ್ಲ. ಇನ್ನು ಇದನ್ನು ಯಾರೂ ನಾಶಮಾಡಲಾರರು.” ಚಪ್ಪಾಳೆ ಬಿತ್ತು. ಮಾತು ನಿಜವೇ ಆಗಿತ್ತು.

ಕಾವಲುಗಾರನನ್ನು ಕರೆದರು. ಅವನು ಗೇಟಿನ ಗೆರೆಗೆ ಕಾಲಿನ ಹೆಬ್ಬೆರಳು ತಾಗಿಸಿ ನಿಂತ.

“ಒಂದೇ ಹೆಜ್ಜೆ ಇಡಪ್ಪಾ!” ಎಂದಿತು ಮೈಕು. “ಇಡು, ಇಡು!” ಎಂದಿತು ಸಭೆ.

ಗುಮಾಸ್ತ ಬೆವರುತ್ತ ಓಡಿಬಂದ. “ಭಾವ, ಮಾನ ಕಳೀಬೇಡಿ, ಬನ್ನಿ.”

“ಆ ಕಾಗದ ಇಲ್ಲಿಗೇ ತಾ.”

“ಆಗಲ್ಲ. ಒಳಗೇ ತಗೋಬೇಕು ಅಂತ ಅದರಲ್ಲೇ ಬರೆದಿದೆ.”

“ಹಾಗಾದ್ರೆ ಬೇಡ.”

ಸುರುಳಿ ಬಿಡಿಸಲು ಕಾರ್ಯಕ್ರಮ ಪಟ್ಟಿಯಲ್ಲಿ ಬೇರೆ ಯಾರನ್ನೂ ಸೂಚಿಸಿರಲಿಲ್ಲ, ಪಟ್ಟಿಯಲ್ಲಿಲ್ಲದವರು ಮುಟ್ಟುವಂತಿರಲಿಲ್ಲ. ಸಾಹೇಬರು ಗಡಿಯಾರ ನೋಡಿ, “ಸುರುಳಿಯನ್ನು ಬಿಡಿಸಲಾಗಿದೆ ಎಂದು ಭಾವಿಸತಕ್ಕದ್ದು,” ಎಂದರು. ಸಭೆ ಹಾಗೆಯೇ ಭಾವಿಸಿತು. ಛಾಯಾಗ್ರಾಹಕ ಬಿಡಿಸದ ಸುರುಳಿಯ ಫೋಟೋ ತೆಗೆದ. ಕೆಲವರು, ಹಾಸು ಬಹಳ ಮೆತ್ತಗಿದೆ ಎಂದೂ ಹೇಳಿದರು. ಮೊಟ್ಟೆಗಳ ಮೇಲೆ ಟಿಟ್ಟಿಭ ಮತ್ತೆ ಕೂತುಕೊಂಡಿತು.

ಕಾವಲುಗಾರ ಸ್ಟೂಲಿಗೆ ಮರಳಿ, ಪುಸ್ತಕದ ಧೂಳು ಊದಿ, ಪೆನ್ನು ತೆಗೆದ.

“ಏನ್ ಮಾಡ್ತಿದ್ದೀರಿ ಭಾವ? ಸುತ್ತೋಲೆ ಮರೆತ್ರಾ?”

“ಅದು ಕಾಯಂ ನೌಕರರಿಗೆ ಕಣಯ್ಯಾ. ನಾನು ಹಂಗಾಮಿ.”

ಮೊದಲ ಸಾಲಿನಲ್ಲಿ ದೊಡ್ಡ ಸಾಹೇಬರ ಹೆಸರು ಬರೆದ. ಎರಡನೆಯ ಸಾಲಿನಲ್ಲಿ, ಎದುರಿಗೇ ನಿಂತಿದ್ದ ಭಾವಮೈದುನನದು. ಆಮೇಲೆ ತಲೆಯೆತ್ತಿ ಸಭೆಯ ಮುಂದಿನ ಸಾಲಿನಲ್ಲಿದ್ದ ಒಳ್ಳೆಯ ಸೀರೆಯನ್ನು ಒಂದು ಗಳಿಗೆ ನೋಡಿ, ಮೂರನೆಯ ಸಾಲಿನಲ್ಲಿ ಹೆಂಡತಿಯ ಹೆಸರನ್ನು ದುಂಡಗೆ, ಕಾಗುಣಿತ ತಪ್ಪದಂತೆ ಬರೆದ.