ಹೆಬ್ಬಗೋಡಿಯ ಎರಡನೇ ಮಹಡಿಯಲ್ಲಿ ಹಾರಿದ ವಿಮಾನ

ಹೆಬ್ಬಗೋಡಿಯ ಒಂದು ಬಾಡಿಗೆ ಕೋಣೆಯೊಳಗೆ, ಎರಡನೇ ಮಹಡಿಯಲ್ಲಿ, ಆಯುಧಪೂಜೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಜೆಟ್ ವಿಮಾನವೊಂದು ಹಾರಿಹೋಯಿತು. ಕಿಟಕಿಯಿಂದ ಬಂದು ಬಾಗಿಲಿನಿಂದ ಹೋಯಿತು. ಅದರ ಸದ್ದನ್ನು ನನ್ನ ಈ ಎರಡು ಕಿವಿಯಾರೆ ಕೇಳಿದ್ದೇನೆ. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನಾನು ಸುಳ್ಳು ಹೇಳಿದ್ದನ್ನು ಇಲ್ಲಿಂದ ಸಿಂಗಸಂದ್ರದವರೆಗೆ ಒಬ್ಬನೂ ಕೇಳಿಲ್ಲ.

ಆ ವಿಮಾನದಿಂದ ಹಾಳಾದವನು ಈರೇಶ. ಬೊಮ್ಮಸಂದ್ರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ರಾತ್ರಿಯಿಡೀ ರಟ್ಟಿನ ಡಬ್ಬ ಪೇರಿಸುವ ಕೆಲಸ ಅವನದು. ಮೂರು ವರ್ಷದಿಂದ ಆನ್‌ಲೈನ್ ಕಾಲೇಜಿನಲ್ಲಿ ಏವಿಯೇಷನ್ ಡಿಗ್ರಿ ಓದುತ್ತಿದ್ದ. ಹೊಸೂರು ರಸ್ತೆಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಬೈಲು; ಹಾಗೇ ನಿಂತು ಪಾಠ ಕೇಳಿ ಕೇಳಿ ಅವನ ಎಡಗೈ ಬಲಗೈಗಿಂತ ಒಂದು ಗೇಣು ಉದ್ದವಾಗಿತ್ತು. ಇನ್ನು ಉಳಿದದ್ದು ಒಂದೇ ಪೇಪರು. ಅದು ಪಾಸಾದರೆ ಒಂದನೇ ತಾರೀಖಿನಿಂದ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಸೂಪರ್‌ವೈಸರ್ ಕೆಲಸ ಅಂತ ಕಾಗದ ಬಂದಿತ್ತು. ಪಾಸಾಗದಿದ್ದರೆ ಮತ್ತೆ ರಟ್ಟಿನ ಡಬ್ಬ.

ಕಾಲೇಜು ಎಲ್ಲೋ ಉತ್ತರದ ಕಡೆಯದು. ನಮ್ಮ ಆಯುಧಪೂಜೆಯ ಗಡಿಬಿಡಿ ಅವರಿಗೇನು ಗೊತ್ತು? ಸರಿಯಾಗಿ ಅವತ್ತೇ ಹನ್ನೊಂದರಿಂದ ಒಂದರವರೆಗೆ ಪರೀಕ್ಷೆ ಇಟ್ಟರು. ಕ್ಯಾಮೆರಾ ಮುಂದೆ ಒಬ್ಬನೇ ಕೂರಬೇಕು. ಬೇರೆ ಮುಖ ಕಾಣಬಾರದು, ಬೇರೆ ದನಿ ಕೇಳಬಾರದು. ಮೂರು ಎಚ್ಚರಿಕೆ ಬಿದ್ದರೆ ಪರೀಕ್ಷೆ ರದ್ದು.

ಇಲ್ಲಿ ರಾಜೇಂದ್ರನ ವಿಷಯ ಹೇಳಬೇಕು. ಸದ್ಗುಣಿ, ಬುದ್ಧಿವಂತ, ನೋಡುವುದಕ್ಕೂ ಲಕ್ಷಣವಾದ ಮನುಷ್ಯ. ಅವನೂ ಈರೇಶನೂ ಒಂದೇ ಕೋಣೆ, ಒಂದೇ ಮಂಚ. ಒಬ್ಬನದು ರಾತ್ರಿ ಪಾಳಿ, ಇನ್ನೊಬ್ಬನದು ಹಗಲು ಪಾಳಿಯಾದ್ದರಿಂದ ಮೂರು ವರ್ಷದಲ್ಲಿ ಒಬ್ಬ ಮಲಗಿದ್ದನ್ನು ಇನ್ನೊಬ್ಬ ನೋಡಿದ್ದೇ ಇಲ್ಲ. ಈ ರಾಜೇಂದ್ರ, ಸ್ನೇಹಿತನ ಮೇಲಿನ ಪ್ರೀತಿ ತಡೆಯಲಾರದೆ, "ನಮ್ ಈರೇಶ ಪೈಲಟ್ ಆಗ್ತಾವ್ನೆ ಕಣ್ರೀ" ಎಂದು ಒಂದೇ ಒಂದು ಸಲ ಬಾಯಿಬಿಟ್ಟಿದ್ದ. ನೀರಿನ ಟ್ಯಾಂಕರ್ ಬಂದಾಗ. ಇಡೀ ಬೀದಿ ಕೊಡ ಹಿಡಿದು ನಿಂತಿದ್ದಾಗ.

ಅವತ್ತಿನಿಂದ ಮನೆ ಮಾಲೀಕರು ಚಿಕ್ಕಬೈರಪ್ಪನವರು ಈರೇಶನನ್ನು ಕಂಡರೆ ಸಲ್ಯೂಟ್ ಹೊಡೆಯುತ್ತಿದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಕೋಣೆ ಬೆಳೆದಿರುವ ಕುಟುಂಬ ಅವರದು. ಹೊಲ ಹೋದರೂ ಟ್ರ್ಯಾಕ್ಟರ್ ಉಳಿದಿದೆ. ಅದರ ಜೊತೆ ಎರಡು ಕಾರು, ಐದು ಬೈಕು, ಒಂದು ನೀರಿನ ಟ್ಯಾಂಕರು. ಆಯುಧಪೂಜೆಗೆ ಅಷ್ಟನ್ನೂ ಬಾಡಿಗೆಯವರೇ ತೊಳೆಯುವುದು ಅಲ್ಲಿನ ಪದ್ಧತಿ. ಆ ವರ್ಷ ಟ್ರ್ಯಾಕ್ಟರ್ ರಾಜೇಂದ್ರನ ಪಾಲಿಗೆ ಬಂದಿತ್ತು.

ಹನ್ನೊಂದಕ್ಕೆ ಈರೇಶ ಇಸ್ತ್ರಿ ಅಂಗಿ ತೊಟ್ಟು ಕೂತ. ರಾಜೇಂದ್ರ ಬೆಳಿಗ್ಗೆಯೇ "ಸಿಂಗಸಂದ್ರದಲ್ಲಿ ನಮ್ಮತ್ತೆ ಮನೆಗೆ ಹೋಗ್ತೀನಿ ಮಗಾ, ನಿಂಗೆ ಡಿಸ್ಟರ್ಬ್ ಬೇಡ" ಎಂದು ಹೊರಟಿದ್ದ. ಪರದೆಯಲ್ಲಿ ಮೇಲ್ವಿಚಾರಕಿ ಮೇಡಂ ಕೋಣೆ ತೋರಿಸು ಅಂದರು. ಈರೇಶ ಲ್ಯಾಪ್‌ಟಾಪನ್ನು ಮಂಗಳಾರತಿಯಂತೆ ಸುತ್ತ ತಿರುಗಿಸಿ ನಾಲ್ಕು ಗೋಡೆ ತೋರಿಸಿದ. ಬಾಗಿಲ ಚಿಲಕ ಮುರಿದು ನಾಲ್ಕು ತಿಂಗಳಾಗಿದ್ದರಿಂದ ಒಂದು ಕುರ್ಚಿ ಅಡ್ಡ ಇಟ್ಟ.

ಮೊದಲ ಅರ್ಧ ಗಂಟೆ ಉತ್ತರಗಳು ಸೋರುವ ನಲ್ಲಿಯಂತೆ ತಾವಾಗಿ ಸುರಿದವು. ಕೆಳಗಿನಿಂದ ಚಿಕ್ಕಬೈರಪ್ಪನವರ ಕೂಗು ಮಾತ್ರ ಆಗಾಗ ಬರುತ್ತಿತ್ತು: "ಲೇ ರಾಜೇಂದ್ರ, ಎಲ್ಲೋದ್ಯೋ? ಟ್ಯಾಕ್ಟ್ರು ಅಂಗೇ ನಿಂತೈತೆ." ಅಷ್ಟು ದೂರದ ಕೂಗನ್ನು ಮೇಡಂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಆಮೇಲೆ ಕುರ್ಚಿ ಕಿರ್ರೆಂದು ಸರಿಯಿತು. ಬಂದವರು ಚಿಕ್ಕಬೈರಪ್ಪನವರ ಹೆಂಡತಿ ಲಕ್ಷ್ಮಮ್ಮ. ಒಂದು ಕೈಯಲ್ಲಿ ಅರಿಶಿನ ಕುಂಕುಮ, ಸೇವಂತಿಗೆ ಹೂವಿನ ತಟ್ಟೆ, ಇನ್ನೊಂದರಲ್ಲಿ ಹೊಗೆಯಾಡುವ ಸಾಂಬ್ರಾಣಿ, ಮಡಿಲಲ್ಲಿ ನಿಂಬೆಹಣ್ಣು.

"ಎಲ್ಲಾರ್ ಗಾಡಿ ಪೂಜೆನೂ ಆಯ್ತು ಕಣಪ್ಪ. ನಿನ್ನ ಇಮಾನದ್ದೊಂದು ಬಾಕಿ."

ಈರೇಶ ತುಟಿ ಅಲುಗಿಸದೆ, ಹಲ್ಲು ಕಚ್ಚಿಕೊಂಡು ಹೇಳಿದ: "ಅಮ್ಮ, ಪರೀಕ್ಷೆ ನಡೀತಿದೆ. ಆಮೇಲೆ ಬನ್ನಿ."

"ಪರೀಕ್ಸೆ ದಿನ್ವೇ ಅಲ್ವಾ ದೇವ್ರು ಬೇಕಾಗಾದು?"

"ನಾನು ವಿಮಾನ ಓಡ್ಸಲ್ಲ ಅಮ್ಮ. ಯಾವ ವಿಮಾನ ಎಲ್ಲಿ ನಿಲ್ಬೇಕು, ಯಾವಾಗ ಹೊರಡ್ಬೇಕು, ಅದನ್ನ ನೋಡ್ಕೊಳ್ಳೋ ಓದು."

"ಓ, ಬಸ್‌ಸ್ಟಾಂಡಾಗೆ ಸೀಟಿ ಊದ್ತಾನಲ್ಲ, ಅಂಗೆ. ಆದ್ರೇನಂತೆ, ಆಯುಧ ಆಯುಧ್ವೇ."

"ಅಭ್ಯರ್ಥಿಯೇ, ನಿಮ್ಮ ಜೊತೆ ಇನ್ನೊಬ್ಬರಿದ್ದಾರೆ. ಮೊದಲನೇ ಎಚ್ಚರಿಕೆ," ಎಂದು ಲ್ಯಾಪ್‌ಟಾಪಿನೊಳಗಿಂದ ಮೇಡಂ ಇಂಗ್ಲಿಷಿನಲ್ಲಿ ನುಡಿದರು.

"ನೋಡ್ದಾ, ಆಯಮ್ಮನೂ ಮಂತ್ರ ಏಳ್ತಾವ್ಳೆ," ಎನ್ನುತ್ತಾ ಲಕ್ಷ್ಮಮ್ಮ ಲ್ಯಾಪ್‌ಟಾಪಿಗೆ ಹೂ ಏರಿಸಿದರು. ನಿಂಬೆಹಣ್ಣು ಚಕ್ರದ ಕೆಳಗೆ ಇಡಬೇಕಲ್ಲ, ಚಕ್ರ ಹುಡುಕಿದರು. ಕಾಣಲಿಲ್ಲ. ಮೇಜಿನ ಮೇಲೆ ಓಡಾಡುತ್ತಿದ್ದುದು ಮೌಸ್ ಒಂದೇ. ಅದರಡಿ ನಿಂಬೆಹಣ್ಣು ತುರುಕಿ, "ಅತ್ತಿಸಪ್ಪ ಮೇಲೆ" ಅಂದರು. ಅವರನ್ನು ಬೇಗ ಸಾಗಹಾಕಲು ಈರೇಶ ಒತ್ತಿದ. ಹಣ್ಣು ಪಚಕ್ಕೆಂದಿತು. ಬಾಣದ ಗುರುತು ಜಾರಿ, ರನ್‌ವೇಯಲ್ಲಿ ಹಸು ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ "ಪ್ರಯಾಣಿಕರಿಗೆ ಊಟ ಕೊಡಬೇಕು" ಎಂಬ ಉತ್ತರದ ಮೇಲೆ ಕೂತಿತು. ಮುಂದಿನ ಪ್ರಶ್ನೆ ಬಂದೂ ಬಿಟ್ಟಿತು.

ಕೊನೆಗೆ ಲಕ್ಷ್ಮಮ್ಮ ಲ್ಯಾಪ್‌ಟಾಪಿನ ಹಣೆ ಹುಡುಕಿದರು. ಪರದೆಯ ನೆತ್ತಿಯಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ. ದೇವರೇ ಗುರುತು ಮಾಡಿಟ್ಟಂತಿತ್ತು. ಹೆಬ್ಬೆರಳು ಅಗಲ ಕುಂಕುಮ ಇಟ್ಟರು.

"ನಿಮ್ಮ ಮುಖ ಕಾಣುತ್ತಿಲ್ಲ. ಪರದೆಯೆಲ್ಲ ಕೆಂಪಾಗಿದೆ. ಎರಡನೇ ಎಚ್ಚರಿಕೆ."

ಲಕ್ಷ್ಮಮ್ಮ ತೃಪ್ತಿಯಿಂದ ಹೊರಟರು. ಈರೇಶ ಇಸ್ತ್ರಿ ಅಂಗಿಯ ತೋಳಿನಿಂದ ಕ್ಯಾಮೆರಾ ಒರೆಸಿದ. ಮೇಡಂಗೆ ಮತ್ತೆ ಅವನ ಮುಖದ ದರ್ಶನವಾಯಿತು. ಇನ್ನು ಹನ್ನೆರಡು ಪ್ರಶ್ನೆ, ಒಂದೇ ಒಂದು ಎಚ್ಚರಿಕೆ. ಈರೇಶ ಉಸಿರನ್ನೂ ಕಂತಿನಲ್ಲಿ ಬಿಡುತ್ತಾ ಉತ್ತರಿಸಿದ. ಹತ್ತು ಉಳಿಯಿತು. ಆರು. ಮೂರು. ಕೊನೆಯ ಪ್ರಶ್ನೆ ಬಂತು. ಅದರ ಉತ್ತರ ಅವನಿಗೆ ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು.

ಆಗ ಹಾರಿತು ವಿಮಾನ.

ಮೊದಲು ಸಣ್ಣಗೆ ಗುರ್ರೆಂದಿತು. ಆಮೇಲೆ ಏರಿತು. ಕಿಟಕಿ ಗಾಜು ಅದುರಿತು, ಅಪ್ಪಚ್ಚಿಯಾದ ನಿಂಬೆಹಣ್ಣು ಮೇಜಿನಿಂದ ಕೆಳಗೆ ಬಿತ್ತು. ಸದ್ದು ತುದಿಗೆ ಹೋಗಿ ಸೀಟಿ ಹೊಡೆದು ಇಳಿಯಿತು.

"ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ," ಅಂದರು ಮೇಡಂ.

"ಯಾರೂ ಇಲ್ಲ ಮೇಡಂ, ನಮ್ಮಮ್ಮನಾಣೆ."

"ಮೂರನೇ ಎಚ್ಚರಿಕೆ. ಪರೀಕ್ಷೆ ರದ್ದು." ಪರದೆ ಬೆಳ್ಳಗಾಯಿತು. ಈರೇಶ ಎದ್ದು ತಾರಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಒರಗಿ ಬಹಳ ಹೊತ್ತು ಕೂತ.

ಸಂಜೆ ಚಿಕ್ಕಬೈರಪ್ಪನವರ ಮನೆಯಲ್ಲಿ ಎಲ್ಲರೂ ಪ್ರಸಾದದ ಕಡಲೆಪುರಿ ತಿನ್ನುತ್ತಿದ್ದಾಗ ರಾಜೇಂದ್ರ ಸಿಂಗಸಂದ್ರದಿಂದ ಬಂದವನ ಮುಖ ಮಾಡಿಕೊಂಡು ಹಾಜರಾದ. "ಅದು ಜೆಟ್ ಕಣೋ. ಕೆಳಗಡೆ ಹಾರಿರುತ್ತೆ. ಕಾಲೇಜಿಗೆ ಹಂಗೇ ಬರಿ," ಎಂದು ಸಮಾಧಾನ ಹೇಳಿದ. ಈರೇಶನ ಮುಖದಲ್ಲಿ ಸ್ವಲ್ಪ ಜೀವ ಬಂತು. ಅಷ್ಟರಲ್ಲಿ ಕಾಲೇಜಿನವರೇ ಪರೀಕ್ಷೆಯ ವಿಡಿಯೊ ಕಳಿಸಿದರು. ವಿಮಾನದ ಸಾಕ್ಷಿ ಸಿಕ್ಕಿತೆಂದು ಈರೇಶ ಅದನ್ನು ಚಿಕ್ಕಬೈರಪ್ಪನವರ ದೊಡ್ಡ ಟಿವಿಗೆ ಹಾಕಿದ.

ಸದ್ದು ಬಂತು. ಸದ್ದು ಏರಿದಾಗ ಈರೇಶನ ಹಿಂದಿದ್ದ ಮಂಚದಿಂದ ಇಳಿಬಿದ್ದ ಹೊದಿಕೆ ಉಬ್ಬಿತು, ಇಳಿದಾಗ ಒಳಕ್ಕೆ ಹೋಯಿತು. ಆಮೇಲೆ ಅದರಡಿಯಿಂದ ಒಂದು ಕಾಲು ಮೆಲ್ಲಗೆ ಹೊರಬಂತು. ಹಳದಿ ಕಾಲುಚೀಲ. ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

ಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡರು. "ಈ ಕಾಲ್‌ಚೀಲ ಮೂರು ವರ್ಸದಿಂದ ನಮ್ ತಾರಸಿ ತಂತಿ ಮೇಲೆ ಒಣಗ್ತೈತಲ್ಲಾ."

ಚಿಕ್ಕಬೈರಪ್ಪನವರು ಎದ್ದುನಿಂತರು. "ಸಿಂಗಸಂದ್ರದ ಅತ್ತೆ ಮಂಚದ ಕೆಳಗವ್ಳೇನ್ಲಾ?"

ಕಡಲೆಪುರಿ ಗಂಟಲಲ್ಲಿ ನಿಂತಿತು. ಯಾರ ಗಂಟಲಲ್ಲಿ ಅಂತ ಕೇಳಬೇಡಿ. ಸರಿ, ಕೇಳಿ. ನನ್ನ ಗಂಟಲಲ್ಲಿ. ಆ ಸದ್ಗುಣಿ, ಬುದ್ಧಿವಂತ, ಲಕ್ಷಣವಾದ ರಾಜೇಂದ್ರ ನಾನೇ. ಸಿಂಗಸಂದ್ರದಲ್ಲಿ ನನಗೆ ಅತ್ತೆಯೇ ಇಲ್ಲ. ಟ್ರ್ಯಾಕ್ಟರ್ ತೊಳೆಯುವುದು ತಪ್ಪಿಸಿಕೊಳ್ಳಲು, ಈರೇಶ ಸ್ನಾನಕ್ಕೆ ಹೋದಾಗ ಮಂಚದ ಕೆಳಗೆ ನುಸುಳಿದೆ. ಲಕ್ಷ್ಮಮ್ಮ ಹೋಗುವವರೆಗೆ ಎಚ್ಚರವಾಗಿಯೇ ಇದ್ದೆ. ಆಮೇಲೆ ಸಾಂಬ್ರಾಣಿ ಹೊಗೆಗೆ ಕಣ್ಣು ಎಳೆಯಿತು.

ಈರೇಶ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮತ್ತೆ ಪರೀಕ್ಷೆ ಯುಗಾದಿ ದಿನವಂತೆ," ಎಂದಷ್ಟೇ ಹೇಳಿ ಡಬ್ಬ ಪೇರಿಸಲು ಹೊರಟ.

"ಯೋಚ್ನೆ ಮಾಡ್ಬೇಡ ಕಣಪ್ಪ," ಲಕ್ಷ್ಮಮ್ಮ ಹಿಂದಿನಿಂದ ಕೂಗಿದರು. "ಪರೀಕ್ಸೆ ನಡಿವಾಗ್ಲೇ ಬಿಸಿ ಒಬ್ಬಟ್ಟು ತಂದ್ಕೊಡ್ತೀನಿ."

ಟ್ರ್ಯಾಕ್ಟರ್ ತೊಳೆದೆ. ಎರಡು ಕಾರು, ಐದು ಬೈಕು, ಟ್ಯಾಂಕರನ್ನೂ ಇನ್ನೊಮ್ಮೆ ತೊಳೆದೆ. ಇನ್ನು ಒಂದೇ ಒಂದು ಸುಳ್ಳು ಉಳಿದಿದೆ, ಅದನ್ನೂ ಒಪ್ಪಿಸಿಬಿಡುತ್ತೇನೆ. ಆ ವಿಮಾನದ ಸದ್ದನ್ನು ನನ್ನ ಎರಡು ಕಿವಿಯಾರೆ ಕೇಳಿದೆ ಅಂದಿದ್ದೆನಲ್ಲ. ಉತ್ತರದ ಕಡೆಯ ಮೇಡಂ ಕೇಳಿದರು. ಈರೇಶ ಕೇಳಿದ. ಕೆಳಗೆ ಚಿಕ್ಕಬೈರಪ್ಪನವರು ಕೇಳಿ, ಯಾರೋ ಜನರೇಟರ್ ಹಾಕಿದರು ಅಂದುಕೊಂಡರಂತೆ. ಇಡೀ ಕಟ್ಟಡದಲ್ಲಿ ಅದು ಕೇಳಿಸದೇ ಇದ್ದದ್ದು ನನಗೊಬ್ಬನಿಗೇ.