ಮಂದಿಗೆ ನನ್ನ ಮ್ಯಾಲ ಬಂದ ಡೌಟು

“ಆ ಟೀವಿ ಬಂದ್ ಮಾಡ್ರಿ, ಎದಿ ಧಡಧಡ ಅನ್ನಾಕತ್ತದ.”

ಹೆಂಡತಿ ನನಗ ಅಂದ ಕಡೀ ಮಾತು ಇದು. ಟೀವಿಯಾಗ ಖರೇ ನಡೆದ ಖೂನಿನ ಕಥಿ ಬರತಿತ್ತು. ಗಂಡ ಹಾಲಿನಾಗ ವಿಷ ಹಾಕಿದ್ದ. ನಾ ಬಂದ್ ಮಾಡಿ ತಿರುಗೂದರಾಗ ಆಕಿ ಹೋಗಿದ್ದಳು. ಹಾರ್ಟ್ ಅಂದರು ಡಾಕ್ಟರ್. ಬಸವಕಲ್ಯಾಣದ ನಮ್ಮ ಓಣಿ ಮಂದಿಗೆ ಅದು ಸಾಲಲಿಲ್ಲ. ಅವರೂ ಅದೇ ಕಥಿ ನೋಡಿದ್ದರು. ಅವತ್ತಿನಿಂದ ಒಂದಿಲ್ಲೊಂದು ನಡದೇ ಅದ.

೧. ಕಣ್ಣೀರು

ಹೆಣ ಎತ್ತುವಾಗ ನನಗ ಅಳು ಬರಲಿಲ್ಲ. ಎದುರು ಮನೀ ವೈನಿ ಬಾಜೂಕಿನವರಿಗೆ ಅಂದರು: “ನೋಡ್ರಿ, ಕಣ್ಣಾಗ ಒಂದು ಹನಿ ಇಲ್ಲ. ಟೀವಿಯಾಗ ಅವನೂ ಹಿಂಗೇ ನಿಂತಿದ್ದ.”

ಮುಂದ ಒಂದು ದಿನ ಆಕಿ ಸೀರಿ ಮಡಚುವಾಗ ತಡೀಲಿಲ್ಲ, ಅತ್ತೆ. ವೈನಿ ಬಾಗಿಲಾಗೇ ಇದ್ದರು. “ಅವನೂ ಕಡೀಗೆ ಹಿಂಗೇ ಅತ್ತಿದ್ದ.”

ಅವ ಯಾವನೋ, ನಾ ಮಾಡೂದೆಲ್ಲಾ ಮೊದಲೇ ಮಾಡಿ ಕೂತಾನ.

೨. ಹಿಟ್ಟು

ನನ್ನದು ಹಿಟ್ಟಿನ ಗಿರಣಿ. ಮೊದಲು ಹೆಣ್ಣುಮಕ್ಕಳು ಜ್ವಾಳದ ಡಬ್ಬಿ ಇಟ್ಟು ಬಜಾರಕ್ಕ ಹೋಗತಿದ್ದರು. ಈಗ ಬೀಸೂತನಕ ನಿಂತು ಮೊಬೈಲಿನಾಗ ವಿಡಿಯೋ ತೆಗೀತಾರ. ಒಬ್ಬ ಮುದುಕಿ ಅಂದಳು, “ಮೊದಲ ನೀ ತಿನ್ನಪಾ.”

ಸಿಟ್ಟಿಲೆ ಒಂದು ಮುಟಗಿ ಹಸಿ ಹಿಟ್ಟು ಬಾಯಿಗೆ ಹಾಕಿದೆ. ಗಂಟಲಿಗೆ ಸಿಕ್ಕು ಕೆಮ್ಮಿದೆ. ಮುದುಕಿ ಡಬ್ಬಿ ಬಿಟ್ಟೇ ಓಡಿದಳು.

೩. ಇಲಿ

ಗಿರಣಿಯಾಗ ಇಲಿ ಹೆಚ್ಚಾದವು. ಊರಾಗ ಇಲಿ ಪಾಷಾಣ ಕೇಳಲಾಕ ಅಂಜಿ ಹುಮನಾಬಾದಿಗೆ ಹೋದೆ. ಅಂಗಡಿಯವ ನನ್ನ ಊರು ತಿಳಕೊಂಡು ಕೇಳಿದ, “ಕಲ್ಯಾಣದಾಗ ಸಿಗಂಗಿಲ್ಲೇನ್ರಿ?”

“ಸಿಗತದ. ಅಲ್ಲಿ ಡೌಟ್ ಮಾಡ್ತಾರ.”

“ಟೀವಿಯಾಗ ಅವನೂ ಬ್ಯಾರೆ ಊರಾಗೇ ತಗೊಂಡಿದ್ದ ನೋಡ್ರಿ,” ಅಂದು ಪುಡಿ ಒಳಗಿಟ್ಟ.

ಇಲಿ ಬೋನು ತಗೊಂಡು ಬಂದೆ. ಇಲಿಗೊಳಿಗೆ ನನ್ನ ಮ್ಯಾಲ ಡೌಟ್ ಇರಲಿಲ್ಲ. ಸೀದಾ ಒಳಗ ಬಂದವು.

೪. ಚಾನೆಲ್‌ನವ

ಆಕಿ ಹೋದದ್ದಕ್ಕ ಅಳಲಾಕ ವ್ಯಾಳ್ಯಾ ಇಲ್ಲ. ನಾ ಕೊಂದಿಲ್ಲ ಅಂತ ಹೇಳೂದರಾಗೇ ದಿನ ಹೋಗತದ. ಗಿರಣಿಗೆ ಬರೋ ಮಂದಿ ಅರ್ಧ ಆದರು.

ಅಷ್ಟರಾಗ ಹಿಂದಿನ ಓಣಿಯವ ಬಂದ. ಮೊಬೈಲಿನಾಗ ಚಾನೆಲ್ ನಡಸತಾನ.

“ಕಾಕಾ, ನಿಮ್ಮ ಕಥಿ ಮಾಡ್ತೀನ್ರಿ. ನಿಮ್ಮ ಪಾರ್ಟು ನೀವೇ ಮಾಡ್ರಿ. ಕಾಕೂ ಪಾರ್ಟಿಗೆ ಕಲಬುರಗಿಯಿಂದ ಒಬ್ಬಾಕಿ ಬರ್ತಾಳ.”

“ಆಕಿ ಹಾರ್ಟಿಲೆ ಸತ್ತಾಳೋ.”

“ಹಂಗ ಸತ್ರ ಯಾರ್ ನೋಡ್ತಾರ್ರಿ? ಮೊದಲನೇ ಭಾಗದಾಗ ನಿಮ್ಮ ಮ್ಯಾಲ ಡೌಟ್ ಇಡ್ತೀನಿ. ನಿಮ್ಮ ತಪ್ಪಿಲ್ಲಂತ ಎರಡನೇ ಭಾಗದಾಗ ಹೇಳ್ತೀನಿ.”

“ಎರಡನೇದು ಯಾವಾಗ?”

“ಮೊದಲನೇದು ಮಂದಿ ಭಾಳ ನೋಡಿದ್ರ ಮಾಡ್ತೀನ್ರಿ.”

ಮರುದಿನ ಮುಂಜಾನೆ ಅವನ ಮನೀಗೆ ಹೋದೆ. ಅವ ಚಾ ಕುಡೀತಿದ್ದ. ಅವರವ್ವ ಅಂಗಳ ಕಸಾ ಹೊಡೀತಿದ್ದಳು. ಆಕಿಗೆ ಕೇಳೂ ಹಂಗ ಅಂದೆ:

“ತಮ್ಮಾ, ನಿಮ್ಮಪ್ಪ ಮಲಗಿದಲ್ಲೇ ಹೋದಾಗ ಬಾಜೂಕ ನಿಮ್ಮವ್ವ ಒಬ್ಬಾಕೇ ಇದ್ದಳು. ಮೊದಲನೇ ಭಾಗ ಆಕಿದು ಮಾಡು. ನಾ ಎರಡನೇದರಾಗ ಬರ್ತೀನಿ.”

ಆಕಿ ಕಸಬರಗಿ ತಿರುಗಿಸಿ ಹಿಡದು ಮಗನ ಕಡೆ ನಡದಳು. ನಾ ಗಿರಣಿ ತೆಗೀಲಾಕ ಹೋದೆ.