ಮೂರನೆಯ ಕಂಚು

ಬೆಳಿಗ್ಗೆ ಆರು ಗಂಟೆಗೆ ಮೀಟರ್ ರೀಡರನ ತೂಕ ತೊಂಬತ್ತು ಕಿಲೊ ಎಂಟುನೂರು ಗ್ರಾಂ ಇತ್ತು. ಎಂಟು ಗಂಟೆಗೆ ಅದು ತೊಂಬತ್ತೆರಡು ಕಿಲೊ ದಾಟಿರಬೇಕಿತ್ತು.

ಅವನು ನೀರು ಸರಬರಾಜು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ. ಇಲಾಖೆಗಳ ನಡುವಿನ ಬಾಕ್ಸಿಂಗ್‌ನಲ್ಲಿ ಮೂರು ಪದಕ ಪಡೆದವನ ಕೆಲಸ ಕಾಯಂ ಎಂಬುದು ನಿಯಮ. ಅವನ ಬಳಿ ಎರಡು ಕಂಚಿದ್ದವು. ಎರಡನ್ನೂ ಒಂದು ಪಂದ್ಯವನ್ನೂ ಗೆಲ್ಲದೆ ಸಂಪಾದಿಸಿದ್ದ. ಅದರಲ್ಲಿ ಮೋಸವಿರಲಿಲ್ಲ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ. ತೊಂಬತ್ತೆರಡು ಕಿಲೊ ಮೇಲ್ಪಟ್ಟವರ ವಿಭಾಗಕ್ಕೆ ಪ್ರತಿವರ್ಷ ನಾಲ್ಕೇ ಜನ ಬರುತ್ತಾರೆ. ತೂಕ ತೋರಿಸಿ, ಕಣ ಹತ್ತಿ, ಜೀವಸಹಿತ ಇಳಿದರೆ ಪದಕ.

ಅವನಿಗೆ ಹೊಡೆಯಲು ಬರುತ್ತಿರಲಿಲ್ಲ. ತಪ್ಪಿಸಿಕೊಳ್ಳಲೂ ಬರುತ್ತಿರಲಿಲ್ಲ. ಬೀಳಲು ಬರುತ್ತಿತ್ತು. ಹೊಡೆತ ಇನ್ನೂ ದಾರಿಯಲ್ಲಿರುವಾಗಲೇ ಬೀಳುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದ. ಈ ವರ್ಷ ಮಾತ್ರ ಜ್ವರ ಬಂದು ತೂಕ ಇಳಿದಿತ್ತು.

ಕ್ರೀಡಾಂಗಣದ ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಡ್ ಕ್ಲರ್ಕ್ ಲೋಟ ಹಿಡಿದು ನಿಂತಿದ್ದರು.

"ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೊ ಕಣಯ್ಯ. ನಮ್ಮ ಇಲಾಖೆಯೋರಿಗೆ ಇಷ್ಟೂ ಗೊತ್ತಿಲ್ಲದಿದ್ರೆ ಹೇಗೆ? ಕುಡಿ."

"ಬರೀ ನೀರು ನಿಲ್ಲಲ್ಲ ಸಾರ್," ಎಂದ ಭಾವಮೈದ, ಬಾಳೆಹಣ್ಣಿನ ಗೊನೆಯನ್ನು ಬೆಂಚಿನ ಮೇಲಿಟ್ಟು. "ಮೇಲೆ ಇದನ್ನ ಒತ್ತಬೇಕು. ಭಾವ, ಬಾಯಿ ತೆಗೀರಿ."

"ಕೂದಲು ಕತ್ತರಿಸ್ಬೇಡಿ ಅಂತ ನಾನು ಮೊನ್ನೇನೆ ಹೇಳಿದ್ದೆ," ಎಂದಳು ಹೆಂಡತಿ. "ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ."

ಎಂಟಕ್ಕೆ ಬರಬೇಕಿದ್ದ ತೂಕದ ಅಧಿಕಾರಿ ಒಂಬತ್ತಾದರೂ ಬರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದವರು ಅದನ್ನು ಒಂದು ಗಂಟೆ ನಿಲ್ಲಿಸಿ ನೋಡಿರಲಾರರು.

"ಸಾರ್, ಒಂದ್ನಿಮಿಷ ಹೋಗಿ ಬಂದ್ಬಿಡ್ತೀನಿ."

"ಹೋದ್ರೆ ನಾನೂರು ಗ್ರಾಂ ಹೋಗತ್ತೆ," ಎಂದರು ಹೆಡ್ ಕ್ಲರ್ಕ್. "ಕಾಯಂ ಆದ್ಮೇಲೆ ಹೋಗು."

ಒಂಬತ್ತೂ ಹತ್ತಕ್ಕೆ ಅವನ ತೂಕ ತೊಂಬತ್ತೆರಡು ಕಿಲೊ ನೂರು ಗ್ರಾಂ ಎಂದು ದಾಖಲಾಯಿತು. ಒಂಬತ್ತೂ ಹನ್ನೊಂದಕ್ಕೆ ಅವನು ಕೋಣೆಯಲ್ಲಿರಲಿಲ್ಲ.

ಸೆಮಿಫೈನಲ್ ಮಧ್ಯಾಹ್ನ ಒಂದೂವರೆಗೆ, ಜೈಲು ವಾರ್ಡರ್ ಎದುರು. ವಾರ್ಡರನ ಬಲಗೈ ಹೊರಟಿತು. ಮೀಟರ್ ರೀಡರ್ ಬಿದ್ದ. ಕೊಟ್ಟ ವಿಳಾಸದಲ್ಲಿ ಮುಖ ಸಿಗದೆ ಕೈ ಗಾಳಿಯಲ್ಲಿ ಹಾದುಹೋಯಿತು. ಹಿಂದೆಯೇ ಬಂದ ಎಡಗೈ, ಮಂಡಿಯೂರಿ ಕೂತಿದ್ದವನ ನೆತ್ತಿಯ ಮೇಲೆ ಇಳಿಯಿತು. ರೆಫರಿ ಆಟ ನಿಲ್ಲಿಸಿ, ಮೀಟರ್ ರೀಡರನನ್ನು ಎಬ್ಬಿಸಿ, ಅವನ ಕೈಯನ್ನೇ ಮೇಲೆತ್ತಿದರು.

"ಸಾರ್, ಬಿದ್ದಿದ್ದು ನಾನು."

"ಬಿದ್ದೋರಿಗೆ ಹೊಡೆಯೋ ಹಾಗಿಲ್ಲ. ಅವರು ಅನರ್ಹ, ನೀವು ಫೈನಲ್‌ಗೆ."

"ನಾನೇನೂ ಬೇಜಾರು ಮಾಡ್ಕೊಂಡಿಲ್ಲ ಸಾರ್."

"ಇಳೀರಿ ಕೆಳಗೆ."

ಫೈನಲ್‌ನಲ್ಲಿ ಅವನಿಗೆ ಎದುರಾಗಬೇಕಿದ್ದವನು ಅಗ್ನಿಶಾಮಕ ದಳದ ಡ್ರೈವರ್, ಏಣಿಯಂಥ ಆಳು. ಹೆಂಡತಿ ಗಂಡನ ಕೈಗಡಿಯಾರವನ್ನೂ ಮದುವೆಯ ಉಂಗುರವನ್ನೂ ಬಿಚ್ಚಿಸಿ ತನ್ನ ಚೀಲದಲ್ಲಿಟ್ಟುಕೊಂಡಳು. ಭಾವಮೈದ ಯಾವ ಆಸ್ಪತ್ರೆ ಹತ್ತಿರ ಎಂದು ವಿಚಾರಿಸಿ ಬಂದ. ನಾಲ್ಕು ಗಂಟೆಗೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ಡ್ರೈವರನ ಹೆಬ್ಬೆರಳಿಗೆ ಪೆಟ್ಟು, ಅವನು ಆಡುತ್ತಿಲ್ಲ, ಚಿನ್ನ ಮೀಟರ್ ರೀಡರನಿಗೆ. ಜೀವನದಲ್ಲಿ ಒಂದು ಏಟನ್ನೂ ಕೊಡದವನು ಚಾಂಪಿಯನ್ ಆದ.

ಭಾವಮೈದ ಅವನನ್ನು ಹೆಗಲ ಮೇಲೆ ಹೊರಲು ಹೋಗಿ, ಎತ್ತಲಾಗದೆ, ಬೆನ್ನು ತಟ್ಟಿದ. ಹೆಡ್ ಕ್ಲರ್ಕ್ ಅಲ್ಲೇ ಅರ್ಜಿ ಬರೆಯಲು ಕೂತು, ನಿಯಮಗಳ ಪುಸ್ತಕ ತೆರೆದರು. ಎರಡು ಪುಟ ಆದಮೇಲೆ ಕನ್ನಡಕ ತೆಗೆದರು.

"ಚಿನ್ನ ಗೆದ್ದೋರು ಸೋಮವಾರದಿಂದ ಮೂರು ತಿಂಗಳು ತರಬೇತಿ ಶಿಬಿರಕ್ಕೆ ಹೋಗ್ಬೇಕಂತೆ. ಹೋಗದಿದ್ರೆ ಪದಕಾನೂ ರದ್ದು, ಕೆಲಸಾನೂ ರದ್ದು."

"ಹೋಗ್ತೀನಿ ಸಾರ್."

"ತಾತ್ಕಾಲಿಕದೋರು ಹದಿನೈದು ದಿನ ಬರದಿದ್ರೆ ಹೆಸರು ಹೊಡೆದುಹಾಕ್ತಾರೆ. ಕಾಯಂ ಆದೇಶ ಬರೋದು ತಿಂಗಳ ಕೊನೆಗೆ, ಇನ್ನೂ ಇಪ್ಪತ್ತೈದು ದಿನ ಇದೆ. ಆವತ್ತು ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು."

"ಕಂಚು ಆಗಿದ್ದಿದ್ರೆ?"

"ಕಂಚಿಗೆ ಶಿಬಿರ ಇಲ್ಲ. ಬೆಳ್ಳಿಗೂ ಇಲ್ಲ."

ಮೀಟರ್ ರೀಡರ್ ಚಿನ್ನವನ್ನು ಹಿಡಿದುಕೊಂಡು ಅಗ್ನಿಶಾಮಕ ದಳದ ಡ್ರೈವರನನ್ನು ಹುಡುಕಿಕೊಂಡು ಹೋದ. ಡ್ರೈವರ್ ಗೇಟಿನ ಬಳಿ ಚೀಲ ಹೊತ್ತು ಹೊರಟಿದ್ದ.

"ಅಣ್ಣ, ನಿಮ್ಮ ಬೆಳ್ಳಿ ನನಗೆ ಕೊಡಿ. ಇದನ್ನ ನೀವೇ ಇಟ್ಕೊಳ್ಳಿ. ನಿಜವಾಗಿ ಗೆಲ್ಲೋರು ನೀವೇ ಅಲ್ವಾ?"

"ಬೇಡಪ್ಪ, ನಿನ್ನ ಹತ್ರಾನೇ ಇರ್ಲಿ," ಎಂದ ಡ್ರೈವರ್. "ನಾನೂ ಒಂಬತ್ತು ವರ್ಷದಿಂದ ತಾತ್ಕಾಲಿಕಾನೇ. ಆ ಪುಸ್ತಕ ಪೂರ್ತಿ ಓದಿದ್ದೀನಿ."

ಬ್ಯಾಂಡೇಜು ಕಟ್ಟಿದ ಹೆಬ್ಬೆರಳಿನಿಂದಲೇ ಚೀಲದ ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಂಡು ಅವನು ಬಸ್ಸು ಹತ್ತಿದ.

ಸೋಮವಾರ ಬೆಳಿಗ್ಗೆ ಆರಕ್ಕೆ ಮೀಟರ್ ರೀಡರ್ ಶಿಬಿರದಲ್ಲಿ ಹಾಜರಾದ. ಹತ್ತೂವರೆಗೆ ಅವನ ಮೀಟರ್ ಪುಸ್ತಕವನ್ನು, ತಾತ್ಕಾಲಿಕವಾಗಿ, ಭಾವಮೈದನಿಗೆ ಕೊಡಲಾಯಿತು.